ಸರಪಳಿಗೆ ನೇತುಬಿದ್ದ ಪ್ರಿಂಟರ್

ರಾಜ್ಯದ ಗಡಿ ದಾಟಿ, ಸೂಳಗಿರಿಯನ್ನೂ ದಾಟಿದ ಮೇಲೆ ಹೆದ್ದಾರಿಗೆ ಅಂಟಿಕೊಂಡಿರುವ ನಮ್ಮ ಕಾರ್ಖಾನೆಯಲ್ಲಿ ಯಾವ ಯಂತ್ರ ಸೊಟ್ಟ ಕೆಲಸ ಮಾಡಿದರೂ ಮೊದಲು ಅದರ ಕಾಲು ನೋಡುತ್ತಾರೆ. ರಸಮಟ್ಟ ಇಟ್ಟು, ತಗ್ಗಿದ ಕಾಲಿನಡಿಗೆ ತೆಳು ತಗಡು ತೂರಿಸಿ ಸಮ ಮಾಡುತ್ತಾರೆ. ಲೇತ್ ಯಂತ್ರಕ್ಕೆ ಅದು ಸರಿಯಾದ ಮದ್ದೇ. ಆ ದಿನ ಪ್ರಿಂಟರಿಗೂ ಅದನ್ನೇ ಕೊಟ್ಟರು.

ಪೆಟ್ಟಿಗೆಗೆ ಅಂಟಿಸುವ ಲೇಬಲ್ಲುಗಳು ಓರೆಯಾಗಿ ಅಚ್ಚಾಗುತ್ತಿದ್ದವು. ಹೊರಗೆ ಲಾರಿ ಕಾಯುತ್ತಿತ್ತು. ಟ್ರೇಯಲ್ಲಿ ಕಾಗದದ ಅಂಚು ಹಿಡಿಯುವ ಪಟ್ಟಿ ಸಡಿಲವಾಗಿರಬೇಕು, ಒತ್ತಿ ನೋಡೋಣ ಎಂದೆ. ರಾಯಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಹಿರಿಯ ಫಿಟ್ಟರ್, ಇಂಜಿನಿಯರಿಂಗ್ ಓದಿದ ನನ್ನನ್ನು ಕನಿಕರದಿಂದ ನೋಡಿದರು.

"ಮಿಷಿನ್ನೇ ವಾಲ್ಕೊಂಡೈತೆ. ಪೇಪರ್ ಏನ್ಲಾ ಮಾಡ್ತದೆ, ಪಾಪ?"

ಇಬ್ಬರು ಎತ್ತಲಾಗದ ಆಫೀಸ್ ಪ್ರಿಂಟರ್ ಅದು. ಟ್ರಾಲಿಯಲ್ಲಿ ಯಂತ್ರಗಳ ನಡುವೆ ತಂದು, ಬೆಲ್ಟ್ ಸುತ್ತಿ, ಸರಪಳಿಯ ರಾಟೆಗೆ ಸಿಕ್ಕಿಸಿ ತಲೆಗಿಂತ ಮೇಲಕ್ಕೆ ಎಳೆದರು. ಆಮೇಲೆ ಪರೀಕ್ಷಿಸಬೇಕಲ್ಲ ಎಂದು ಎತ್ತುವ ಮೊದಲೇ ಉದ್ದನೆಯ ವೈರಿನಿಂದ ಕರೆಂಟ್ ಕೊಟ್ಟಿದ್ದರು. ಫಿಟ್ಟರ್ ಕೆಳಗೆ ನಿಂತು, ಮಗುವಿನ ಹಲ್ಲು ನೋಡುವವರಂತೆ ಅದರ ಕಾಲುಗಳನ್ನು ನೋಡತೊಡಗಿದರು. ತೂಗುವ ಭಾರದ ಕೆಳಗೆ ನಿಲ್ಲಬೇಡಿ ಎಂದು ಹೊಸಬರಿಗೆಲ್ಲ ಕಲಿಸುವವರೇ ಅವರು. ಆದರೆ ಪ್ರಿಂಟರ್ ಆಫೀಸಿನ ಸಾಮಾನು, ಅವರ ಲೆಕ್ಕದಲ್ಲಿ ಅದು ಭಾರವೇ ಅಲ್ಲ. ಈಚೆ ಬನ್ನಿ ಎಂದು ನಾನು ಕರೆದದ್ದಕ್ಕೆ ಅವರು ಸ್ಪ್ಯಾನರ್ ಕೇಳಿದರು.

ಮಹಡಿಯ ಮೇಲಿನ ರವಾನೆ ವಿಭಾಗದ ಹೆಂಗಸಿಗೆ ಇದಾವುದೂ ತಿಳಿದಿರಲಿಲ್ಲ. ಆಕೆ ಕಂಪ್ಯೂಟರಿನಿಂದ ಲೇಬಲ್ ಕಳಿಸಿದಳು. ವೈಫೈಗೆ ಎತ್ತರದ ತೊಂದರೆಯಿಲ್ಲ. ಮೇಲೆ ನೇತಾಡುತ್ತಿದ್ದ ಪ್ರಿಂಟರ್ ಗೊರಗೊರ ಎಂದು ನಡುಗಿ ಒಂದು ಹಾಳೆ ಉದುರಿಸಿತು. ಫ್ಯಾನಿನ ಗಾಳಿಗೆ ಅದು ತೇಲುತ್ತ ಹೋಯಿತು. ಹಿಡಿ ಎಂದರು ಫಿಟ್ಟರ್, ನಾನು ಅಲುಗಲಿಲ್ಲ. ಬೈದುಕೊಳ್ಳುತ್ತ ಅವರೇ ಅದರ ಹಿಂದೆ ಹೋಗಿ, ಲೇತಿನ ಪಕ್ಕ ಬಗ್ಗಿದರು.

ಆಕೆ ಮತ್ತೆ ಒತ್ತಿರಬೇಕು. ಪ್ರಿಂಟರ್ ಮತ್ತೆ ನಡುಗಿತು. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬೆಲ್ಟ್ ಜಾರುವುದನ್ನು ನೋಡಿದೆ. ಈಗಲೂ ನೋಡುತ್ತೇನೆ, ಊಟಕ್ಕೆ ಕೂತಾಗಲೂ: ಬೆಲ್ಟ್ ಜಾರುತ್ತದೆ. ಕೆಲವು ಸಲ ಅವರು ಹಾಳೆಯ ಹಿಂದೆ ಹೋಗುವುದೇ ಇಲ್ಲ.

ಮೊದಲು ಅವರು ನಿಂತಿದ್ದ ಜಾಗದಲ್ಲೇ ಪ್ರಿಂಟರ್ ಬಿತ್ತು. ಸಿಮೆಂಟಿನ ನೆಲ ಬಿರಿಯಿತು.

"ಇನ್ನೂ ಓರೇನೇ ಐತಲ್ಲಾ" ಎಂದರು ಅವರು, ಹಾಳೆ ನೋಡುತ್ತಲೇ. ಆಮೇಲೆ ತಿರುಗಿದರು.

ನನ್ನ ಫೋನ್ ಹೊಡೆದುಕೊಂಡಿತು. ಮಹಡಿಯಿಂದ ಆಕೆ. "ಪ್ರಿಂಟ್ ವಂದುಚ್ಚಾ?" ಎಂದು ತಮಿಳಿನಲ್ಲಿ ಕೇಳಿದಳು. ಬಂದಿದೆ ಎಂದೆ.

ಟೀ ಬಂತು. ಫಿಟ್ಟರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ನಾನು ಅಲ್ಲೇ ನಿಂತಿದ್ನಾ?"

ಅಲ್ಲೇ ಎಂದೆ.

"ನಮ್ಮನೇವ್ಳಿಗೆ ಹೇಳ್ಬೇಡ ಕಣ್ಲಾ. ಪ್ರಿಂಟರ್ ಬಿದ್ದು ಸಾಯ್ತಿದ್ದೆ ಅಂದ್ರೆ ಮೊದ್ಲು ನಗ್ತಾಳೆ. ಆಮ್ಯಾಕೆ ಕೆಲ್ಸಕ್ಕೇ ಕಳ್ಸಲ್ಲ."

ಅವರ ಹೆಂಡತಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೇಳುವುದಿಲ್ಲವೆಂದು ಆಣೆ ಮಾಡಿದೆ.