ಕರಿ ತಿರುಳಿನ ತಂತಿ

ಹಾರೋಂಗ್ ಕಮರಿಯ ಅಂಚಿನ ಗೋಪುರದ ಮೇಲೆ ಕೂತು ಮರೋಲೋಪ್ ಸಿಹೋತಾಂಗ್ ಹಾಡು ಎತ್ತಿಕೊಂಡರೆ ಆಚೆ ದಡದ ತೋಟದಲ್ಲಿ ಕಾಫಿ ಹಣ್ಣು ಬಿಡಿಸುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಅಂಥ ಗಂಟಲು ಅವನದು. ಮೈಕಟ್ಟೂ ಅದಕ್ಕೆ ತಕ್ಕ ಹಾಗಿತ್ತು. ಉತ್ತರ ಸುಮಾತ್ರದ ಬಟಕ್ ಬೆಟ್ಟಗಳಿಗೆ ಮೊದಲ ಸಲ ದೊಡ್ಡ ಕರೆಂಟಿನ ಲೈನು ಬಂದಾಗ, ಗೋಪುರದ ಕಬ್ಬಿಣದ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಏರುವ ಕೂಲಿಯಾಗಿ ಅವನು ಸೇರಿಕೊಂಡ. ಹೊತ್ತದ್ದನ್ನು ಜೋಡಿಸಲು ಕಲಿತ, ಜೋಡಿಸಿದ್ದನ್ನು ಹತ್ತಲು ಕಲಿತ. ಆಮೇಲೆ ಕೆಳಗೆ ಇಳಿಯಲೇ ಇಲ್ಲ ಎಂದು ಅವನ ಹೆಂಡತಿ ರೊಸಿಂತನ್ ಈಗಲೂ ಹೇಳುವುದುಂಟು.

ಅವಳನ್ನು ಅವನು ಮೊದಲು ನೋಡಿದ್ದೂ ಗೋಪುರದ ಮೇಲಿನಿಂದಲೇ. ಕಮರಿಯ ತಳದಲ್ಲಿ ಹೊಳೆ, ಹೊಳೆಯ ಪಕ್ಕ ರಸ್ತೆ, ರಸ್ತೆಯ ಪಕ್ಕ ಅವಳ ತಾಯಿಯ ಕಾಫಿ ಅಂಗಡಿ. ಅಷ್ಟು ಎತ್ತರದಿಂದ ಕಂಡದ್ದು ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಹುಡುಗಿಯ ನೆತ್ತಿ ಮಾತ್ರ.

"ಮುಖ ನೋಡ್ದೇನೇ ಮನಸ್ಸು ಕೊಟ್ಟೋನು ಈ ಬೆಟ್ಟದಲ್ಲಿ ನಾನೊಬ್ನೇ," ಎಂದು ಅವನು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ನೋಡಿದ್ಮೇಲೆ ಓಡಿಹೋಗೋಣ ಅಂದ್ರೆ ಸೊಂಟಕ್ಕೆ ಬೆಲ್ಟ್ ಬಿಗಿದಿತ್ತಲ್ಲ, ಪಾಪ," ಎಂದು ರೊಸಿಂತನ್ ಲೋಟ ತೊಳೆಯುತ್ತಲೇ ಉತ್ತರ ಕೊಡುತ್ತಿದ್ದಳು.

ಅವಳ ಅಣ್ಣ ಜಾಹುಲನ್ ಅದೇ ತಂಡದಲ್ಲಿ ಬ್ರೇಕ್ ಯಂತ್ರದವನು. ತಂತಿಯ ಡ್ರಮ್ಮಿನ ಮುಂದೆ ನಿಂತು, ತಂತಿ ಒಮ್ಮೆಗೇ ಬಿಚ್ಚಿಕೊಂಡು ಓಡದಂತೆ ಬಿಗಿಹಿಡಿದು ಬಿಡುವ ಕೆಲಸ ಅವನದು. ಮದುವೆಯಾದ ಮೇಲೆ ಇಬ್ಬರೂ ಭಾವಮೈದುನರ ಸಲುಗೆಯಲ್ಲಿ ಒಬ್ಬರನ್ನೊಬ್ಬರು "ಲಾಯೆ" ಎಂದು ಕರೆದುಕೊಳ್ಳುತ್ತ, ಹಗಲೆಲ್ಲ ವಾಕಿಟಾಕಿಯಲ್ಲಿ ಬೈದಾಡಿಕೊಳ್ಳುತ್ತ, ಸಂಜೆ ಒಂದೇ ಬೆಂಚಿನಲ್ಲಿ ಕೂತು ಹೆಂಡ ಕುಡಿಯುತ್ತ ಕೂದಲು ಹಣ್ಣು ಮಾಡಿಕೊಂಡರು.

ಅವರು ಎಳೆದಿದ್ದ ತಂತಿಗೂ ಅಷ್ಟರಲ್ಲಿ ವಯಸ್ಸಾಗಿತ್ತು. ಹೊಳೆಯ ಮೇಲ್ಭಾಗದಲ್ಲಿ ಹೊಸ ಜಲವಿದ್ಯುತ್ ಕೇಂದ್ರಗಳು ಎದ್ದಿದ್ದವು. ತಂತಿಯಲ್ಲಿ ಕರೆಂಟು ಹೆಚ್ಚಾದಷ್ಟೂ ಅದು ಕಾಯುತ್ತಿತ್ತು, ಕಾದಷ್ಟೂ ಉದ್ದವಾಗಿ ಕೆಳಕ್ಕೆ ಜೋಲುತ್ತಿತ್ತು. ಬೇಸಗೆಯ ಮಧ್ಯಾಹ್ನ ಕಮರಿಯ ಮರಗಳ ತುದಿಗೆ ಇನ್ನೇನು ತಾಗಿತು ಎನ್ನುವಷ್ಟು ಇಳಿಯುತ್ತಿತ್ತು. ಆ ಕಡಿದಾದ ಕಾಡಿನಲ್ಲಿ ಹೊಸ ಗೋಪುರ ಎಬ್ಬಿಸುವುದು ಆಗದ ಮಾತು. ಹಳೆಯ ಗೋಪುರಗಳ ಮೇಲೇ ಹೊಸ ಬಗೆಯ ತಂತಿ ಹಾಕುವುದೆಂದು ತೀರ್ಮಾನವಾಯಿತು. ಅದನ್ನು ಹೇಳಿಕೊಡಲು ಜಾವಾದಿಂದ ಒಬ್ಬ ಎಂಜಿನಿಯರು ಬಂದಳು. ಹೆಸರು ರೆತ್ನಾನಿಂಗ್. ನಲವತ್ತರ ಆಸುಪಾಸು, ಸಣ್ಣ ಆಳು, ಮೆಲುದನಿ. ಎಲ್ಲರೂ ಅವಳನ್ನು ಗೌರವದಿಂದ "ಇಬು" ಎಂದರು. ಅವಳು ಗಂಡಸರನ್ನೆಲ್ಲ "ಪಾಕ್" ಎಂದಳು. ಬಟಕ್ ಗಂಡಸರ ಗದ್ದಲದ ನಡುವೆ ಅವಳ ಮಾತು ಕೇಳಿಸಬೇಕಾದರೆ ಎಲ್ಲರೂ ಬಾಯಿ ಮುಚ್ಚಬೇಕಾಗುತ್ತಿತ್ತು. ಮುಚ್ಚಿದರು.

ಶಾಲೆಯ ಬಯಲಿನಲ್ಲಿ ಅವಳು ಹೊಸ ತಂತಿಯ ತುಂಡೊಂದನ್ನು ಬಿಡಿಸಿ ತೋರಿಸಿದಳು. ಹೊರಗೆ ಮೆತ್ತನೆಯ ಅಲ್ಯೂಮಿನಿಯಂ ಎಳೆಗಳ ಹೊದಿಕೆ. ಒಳಗೆ ಉಕ್ಕು ಇರಬೇಕಾದ ಕಡೆ ಕಿರುಬೆರಳ ದಪ್ಪದ ಒಂದು ಕಡ್ಡಿ. ನಟ್ಟನಡುವೆ ಇದ್ದಿಲಿನಂತೆ ಕಪ್ಪು, ಸುತ್ತ ಜೇನಿನ ಬಣ್ಣದ ಗಾಜುನಾರಿನ ಸಿಪ್ಪೆ.

ಮರೋಲೋಪ್ ಅದನ್ನು ಕೈಯಲ್ಲಿ ತೂಗಿ ನೋಡಿದ. ತೂಕವೇ ಇಲ್ಲ. "ಇದ್ರಲ್ಲಿ ಮೀನು ಹಿಡೀಬೋದು ಇಬು, ಲೈನು ಎಳಿಯಕ್ಕಾಗುತ್ತಾ?" ಎಂದ. ಎಲ್ಲರೂ ನಕ್ಕರು.

ಅವಳೂ ನಕ್ಕಳು. "ಇದಕ್ಕೆ ಹೊರೆ ತುಂಬಿದ ಲಾರಿ ನೇತುಹಾಕಿ, ಪಾಕ್. ಹಿಡಿದುಕೊಳ್ಳುತ್ತೆ. ಎಷ್ಟು ಕಾದರೂ ಹೆಚ್ಚುಕಡಿಮೆ ಇದ್ದಷ್ಟೇ ಉದ್ದ ಇರುತ್ತೆ." ಆಮೇಲೆ ಕಡ್ಡಿಯನ್ನು ದೊಡ್ಡ ಬಳೆಯಂತೆ ನಿಧಾನವಾಗಿ ಬಾಗಿಸಿದಳು, ಅದು ಸುಮ್ಮನೆ ಬಾಗಿತು. ಕಣ್ಣಿಗೆ ಕನ್ನಡಕ, ಬಾಯಿಗೆ ಮುಸುಕು, ಕೈಗೆ ಗವಸು ಹಾಕಿಕೊಂಡು, ಅದೇ ಕಡ್ಡಿಯನ್ನು ನೀರಿನ ನಲ್ಲಿಯ ಕೊಳವೆಗೆ ಒತ್ತಿ ಬಗ್ಗಿಸಿದಳು. ಗುಂಡು ಹಾರಿದಂಥ ಸದ್ದು. ಬೇಲಿಯ ಮೇಲಿದ್ದ ಕೋಳಿಗಳೆಲ್ಲ ಹಾರಿದವು. ಕಡ್ಡಿ ಎರಡಾಗಿರಲಿಲ್ಲ, ಹಳೆಯ ಪೊರಕೆಯ ತುದಿಯಂತೆ ನಾರುನಾರಾಗಿ ಬಿಚ್ಚಿಕೊಂಡಿತ್ತು. ಜಾಹುಲನ್ ಅದನ್ನು ಬರಿಗೈಯಲ್ಲಿ ಮುಟ್ಟಿ ನೋಡಲು ಹೋಗಿ, ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸೇರಿಸಿಕೊಂಡು ವಾರವಿಡೀ ಶಪಿಸಿದ.

"ಎಳೆದರೆ ಏನೂ ಆಗಲ್ಲ. ಮೊಣಕೈ ಥರ ಮಡಚಿದರೆ ಒಳಗೇ ಮುರಿಯುತ್ತೆ," ಎಂದಳು ರೆತ್ನಾನಿಂಗ್. "ಹೊರಗಿನ ಅಲ್ಯೂಮಿನಿಯಂ ಮಾತ್ರ ಏನೂ ಆಗದ ಹಾಗೆ ಇರುತ್ತೆ. ನಿಮ್ಮ ಕಣ್ಣಿಗೆ ಕಾಣಲ್ಲ. ಹಾಗಾಗಿ ಮಡಚಿದ್ದು ಗೊತ್ತಾದರೆ, ಕಾಣಲಿ ಬಿಡಲಿ, ಆ ಭಾಗ ಕತ್ತರಿಸಿ ಎಸೆಯಬೇಕು."

ಆ ದಿನ ಸಂಜೆ ಮರೋಲೋಪ್ ಹೆಂಡದ ಲೋಟ ಮುಟ್ಟದೆ ಕೂತಿದ್ದ. ಬದುಕೆಲ್ಲ ಅವನು ಉಕ್ಕಿನ ಜೊತೆ ಕುಸ್ತಿ ಆಡಿದವನು. ಉಕ್ಕು ಜಗ್ಗಿದರೆ ಬರುತ್ತಿತ್ತು, ಬಡಿದರೆ ಬಾಗುತ್ತಿತ್ತು, ನೆಲದ ಮೇಲೆ ಎಳೆದಾಡಿದರೂ ಸಹಿಸುತ್ತಿತ್ತು. ಇದೇನಪ್ಪ ಇದು, ಲಾರಿ ಹೊರುತ್ತದಂತೆ, ಮಗುವಿನ ಕುತ್ತಿಗೆಯಂತೆ ಎತ್ತಿಕೊಳ್ಳಬೇಕಂತೆ. ಅವನಿಗೆ ಮೊದಲ ಸಲ ತಾನು ಮಾಡುವ ಕೆಲಸದ ಬಗ್ಗೆ ಒಂದು ಬಗೆಯ ಭಕ್ತಿ ಹುಟ್ಟಿತು.

ಕೆಲಸದ ರೀತಿಯೇ ಬದಲಾಯಿತು. ಡ್ರಮ್ಮುಗಳನ್ನು ಉರುಳಿಸಿ ಬೀಳಿಸುವಂತಿರಲಿಲ್ಲ. ತಂತಿಯನ್ನು ಕಲ್ಲಿನ ಮೇಲೆ ಎಳೆಯುವಂತಿರಲಿಲ್ಲ. ಗೋಪುರಗಳಿಗೆ ಎತ್ತಿನಗಾಡಿಯ ಚಕ್ರದಷ್ಟು ಅಗಲದ ರಾಟೆಗಳು ಬಂದವು. ಹಲ್ಲು ಊರಿ ಕಚ್ಚುವ ಹಳೆಯ ಕ್ಲಾಂಪುಗಳನ್ನು ಶೆಡ್ಡಿಗೆ ಸೇರಿಸಿ, ಉದ್ದ ದವಡೆಯ ಹೊಸ ಕ್ಲಾಂಪುಗಳನ್ನು ಕೊಟ್ಟರು. ಹಿಂದೆ ಹುಡುಗರನ್ನು ಜೋರು ಎಳೆಯಿರೋ ಎಂದು ಗದರುತ್ತಿದ್ದ ಮರೋಲೋಪ್ ಈಗ ಮೆಲ್ಲಗೆ, ಮೆಲ್ಲಗೆ ಎನ್ನತೊಡಗಿದ.

ಕಮರಿ ದಾಟಿಸುವ ದಿನ ಬಂತು. ಆ ಲೈನಿನ ಅತಿ ಉದ್ದದ ನೆಗೆತ ಅದು. ಕೆಳಗಿನ ರಸ್ತೆಯನ್ನು ಬೆಳಿಗ್ಗೆಯೇ ಮುಚ್ಚಿಸಿದರು. ರೊಸಿಂತನ್ ಮಾತ್ರ ಅಂಗಡಿಯ ಬಾಗಿಲಲ್ಲಿ ಮರೋಲೋಪನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಲೆಯ ಮೇಲೆ ಅರಿಸಿನದ ಮಸಾಲೆಯಲ್ಲಿ ಮೀನು ಬೇಯುತ್ತಿತ್ತು.

"ರುಗುನಳ ಅಪ್ಪ, ಹಳೇ ತಂತಿ ಎಳೆಯುವಾಗ ನಮ್ಮಮ್ಮ ಇಲ್ಲೇ ಕೂತು ನಿಮಗೆಲ್ಲ ಕಾಫಿ ಕೊಟ್ಳು. ಈಗೇನು ಹೊಸದಾಗಿ?" ಎಂದಳು. ರುಗುನ್ ಅವರ ಹಿರಿಮಗಳು.

"ಆಗ ನಮಗೆ ಬುದ್ಧಿ ಇರ್ಲಿಲ್ಲ."

"ಈಗ ಬಂತಾ?"

"ಇಬು ಹತ್ರ ಸ್ವಲ್ಪ ಸಾಲ ತಗೊಂಡಿದೀನಿ. ಒಲೆ ಆರಿಸು, ಮಾರಾಯ್ತಿ. ಪಾತ್ರೆ ಸಮೇತ ಆ ತಿರುವಿನಾಚೆ ಹೋಗು."

ಗೊಣಗುತ್ತಲೇ ಅವಳು ಮೀನಿನ ಪಾತ್ರೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಅವನು ಹತ್ತಿಹೋಗಿ ಅಂಚಿನ ಗೋಪುರದ ತೋಳಿನ ಮೇಲೆ, ರಾಟೆಯ ಪಕ್ಕ ಕೂತ. ಹಿಂದೆ ದಿಬ್ಬದ ಮೇಲೆ ಜಾಹುಲನ್‌ನ ಯಂತ್ರ ಮತ್ತು ಡ್ರಮ್ಮು. ಮುಂದೆ ಕಮರಿಯ ಆಚೆ ದಡದಲ್ಲಿ ಎಳೆಯುವ ವಿಂಚ್, ಅದರ ಬಳಿ ರೆತ್ನಾನಿಂಗ್. ಮೊದಲೇ ದಾಟಿಸಿದ್ದ ಹಗ್ಗದ ತುದಿಗೆ ಹೊಸ ತಂತಿ ಕಟ್ಟಿ ಎಳೆಯಲು ಶುರುಮಾಡಿದರು. ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತ ಅದು ರಾಟೆ ಏರಿ, ಬಯಲು ಗಾಳಿಗೆ ಇಳಿಯಿತು. ಕೆಳಗೆ ಹದ್ದೊಂದು ಸುತ್ತುತ್ತಿತ್ತು. ಅದರ ಬೆನ್ನು ಅವನಿಗೆ ಕಾಣುತ್ತಿತ್ತು.

ತಂತಿಯ ತುದಿ ಕಮರಿಯ ನಡುಮಧ್ಯ ತಲುಪಿದಾಗ ಗಾಳಿ ಎದ್ದಿತು. ಕಮರಿಯೊಳಗಿಂದ ಒಮ್ಮೆಲೇ ನುಗ್ಗಿ ಬಂದ ಗಾಳಿ. ಜೋತ ತಂತಿ ಉಯ್ಯಾಲೆಯಂತೆ ತೂಗಿ, ಕುಪ್ಪಳಿಸಿ, ರಾಟೆಯ ತೋಡು ಬಿಟ್ಟು ಹೊರಕ್ಕೆ ಹಾರಿ, ರಾಟೆಗೂ ಅದರ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತು.

"ನಿಲ್ಸಿ! ನಿಲ್ಸಿ!" ಎಂದು ಅವನು ಕೂಗಿದ. ವಿಂಚ್ ನಿಲ್ಲುವಷ್ಟರಲ್ಲಿ ಇನ್ನೊಂದು ಮೊಳ ಎಳೆದಾಗಿತ್ತು. ಅವನ ಕಣ್ಣೆದುರಿಗೇ ತಂತಿ ಮೊಣಕೈಯಂತೆ ಮಡಚಿತು. ಕಬ್ಬಿಣದ ಮೇಲೆ ಊರಿದ್ದ ಅವನ ಅಂಗೈಗೆ ಟಿಕ್ ಎಂದು ಏನೋ ತಾಗಿತು. ಗಾಳಿಯ ಅಬ್ಬರದಲ್ಲಿ ಕಿವಿಗೆ ಕೇಳಿಸುವಂಥದ್ದಲ್ಲ.

ಬಗ್ಗಿ ನೋಡಿದ. ಹೊರಗೆ ಒಂದು ಗೀರೂ ಇರಲಿಲ್ಲ.

"ಏನಾಯ್ತು ಲಾಯೆ?" ಎಂದಿತು ಜಾಹುಲನ್‌ನ ದನಿ. ಮರೋಲೋಪ್ ಹೇಳಿದ್ದನ್ನು ಕೇಳಿದ ಮೇಲೆ, "ಅಷ್ಟೇನಾ? ಭುಜ ಕೊಟ್ಟು ಎತ್ತಿ ರಾಟೆಗೆ ಕೂರಿಸು, ಹೋಗ್ತಾ ಇರೋಣ. ಇಂಥವು ಎಷ್ಟು ಮಾಡಿಲ್ಲ ನೀನು!"

ಮಾಡಿದ್ದ. ಹಳೆಯ ತಂತಿಗೆ ಎಷ್ಟೋ ಸಲ ಮಾಡಿದ್ದ. ಭುಜವೂ ಅದನ್ನೇ ಮಾಡಲು ಮುಂದಾಗಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡು ವಾಕಿಟಾಕಿ ಎತ್ತಿದ.

"ಇಬು, ಮಡಚ್ಕೊಂಡಿದೆ. ಹೊರಗೆ ಏನೂ ಕಾಣ್ತಿಲ್ಲ. ಕೈಗೆ ಮಾತ್ರ ಟಿಕ್ ಅಂತ ಗೊತ್ತಾಯ್ತು."

"ಎಷ್ಟು ಮಡಚಿದೆ, ಪಾಕ್?"

"ಮೊಣಕೈ ಥರ."

ಗಾಳಿಯ ಸದ್ದಿನ ನಡುವೆ ಅವಳ ಮೆಲುದನಿ ಬಂತು. "ಹಾಗಾದರೆ ಒಳಗೆ ಮುರಿದಿದೆ ಅಂತಲೇ ಇಟ್ಟುಕೊಳ್ಳೋಣ. ಪಾಕ್ ಜಾಹುಲನ್, ಬ್ರೇಕ್ ಪೂರ್ತಿ ಬಿಗಿದು ತಂತಿಯ ದಾರಿಯಿಂದ ಪಕ್ಕಕ್ಕೆ ಸರಿಯಿರಿ, ನಿಮ್ಮವರೂ ಸರಿಯಲಿ. ನಾನು ಈ ಕಡೆಯಿಂದ ಎಳೆತ ಸಡಿಲ ಬಿಡುತ್ತೇನೆ, ತಂತಿ ಮರದ ತುದಿಯವರೆಗೂ ಇಳಿಯಲಿ."

ಎಷ್ಟು ಸಡಿಲ ಬಿಟ್ಟರೂ ಕಮರಿಯ ಮೇಲೆ ಜೋತ ತಂತಿಯ ಭಾರ ಎಲ್ಲಿಗೆ ಹೋಗುತ್ತದೆ? ಅದೆಲ್ಲ ಆ ಮಡಚಿದ ಜಾಗದ ಮೇಲೇ ಇತ್ತು. ತಿರುಳು ಹೋದ ಮೇಲೆ ಉಳಿದದ್ದು ಮೆತ್ತನೆಯ ಅಲ್ಯೂಮಿನಿಯಂ ಎಳೆಗಳು. ಮಡಚಿದ ಜಾಗದಿಂದ ಆಚೆ, ಕಮರಿಯ ಕಡೆಗೆ, ತಂತಿಗೊಂದು ಕ್ಲಾಂಪ್ ಕಚ್ಚಿಸಿ, ಅದನ್ನು ಚೈನಿನಿಂದ ಗೋಪುರಕ್ಕೆ ಬಿಗಿದರೆ ಭಾರ ಗೋಪುರಕ್ಕೆ ಬರುತ್ತದೆ. ಸೆಳೆತ ತಡೆಯಲೆಂದೇ ಕಟ್ಟಿದ ಗೋಪುರ ಅದು. ಆದರೆ ಕ್ಲಾಂಪ್ ಹಾಕಲು ಒಬ್ಬರು ತೋಳಿನ ತುದಿಯಿಂದ ಏಣಿ ಚಾಚಿ ಹೊರಗೆ ಹೋಗಬೇಕು.

"ಹೋಗಿ ಅಂತ ನಾನು ಹೇಳಲ್ಲ, ಪಾಕ್ ಮರೋಲೋಪ್," ಎಂದಳು ರೆತ್ನಾನಿಂಗ್. "ಕೆಳಗೆ ಜನ ಇಲ್ಲ. ನೀವು ಇಳಿದುಬಿಡಿ, ಬಿದ್ದರೆ ಬೀಳಲಿ. ತಂತಿ ತಾನೇ."

ಅವನು ದಿಬ್ಬದತ್ತ ನೋಡಿದ. ತಂತಿ ಕಡಿದರೆ ಹಿಂಬದಿಯ ತುಂಡು ಚಾಟಿಯಂತೆ ಎಲ್ಲಿಗೆ ಹೊಡೆಯುತ್ತದೋ ಹೇಳುವವರಿರಲಿಲ್ಲ. ಅಲ್ಲಿಂದ ಸರಿಯುತ್ತಿದ್ದವರೆಲ್ಲ ಅವನ ಊರಿನವರೇ. "ಗಾಳಿ ನಿಂತಿದೆ, ಇಬು. ಎರಡು ಬೆಲ್ಟೂ ಗೋಪುರಕ್ಕೇ ಹಾಕ್ಕೊಂಡಿದೀನಿ, ತಂತಿಗಲ್ಲ. ಅದ್ರ ಪಕ್ಕದಲ್ಲೇ ಹೋಗ್ತೀನಿ, ಕೆಳಗಲ್ಲ," ಎಂದ.

"ಪಕ್ಕದಲ್ಲಿ," ಎಂದಳು ಅವಳು.

ಏಣಿಯ ಮೇಲೆ ಹೊಟ್ಟೆ ಊರಿ ಅವನು ಹೊರಗೆ ತೆವಳಿದ. ಮಡಚಿದ ಜಾಗದಲ್ಲಿ ಅಲ್ಯೂಮಿನಿಯಂ ಎಳೆಗಳು ಒಂದನ್ನೊಂದು ಬಿಟ್ಟು ಬಿದಿರಿನ ಬುಟ್ಟಿಯಂತೆ ಉಬ್ಬತೊಡಗಿದ್ದವು. ಅವುಗಳ ನಡುವಿನ ಸಂದಿಯಲ್ಲಿ ಕತ್ತಲು ಕಾಣುತ್ತಿತ್ತು. ಇಡೀ ಕಮರಿಯ ಭಾರವನ್ನು, ಉಗುರಿನಿಂದ ಗೀರಬಹುದಾದ ಆ ಎಳೆಗಳು ಹೊತ್ತಿದ್ದವು. ಅವನು ಅದನ್ನು ನೋಡಿದ. ಭಯವಿತ್ತು. ಭಯಕ್ಕಿಂತ ದೊಡ್ಡದೊಂದು ಇತ್ತು. ಇಗರ್ಜಿಯಲ್ಲಿ ಎಲ್ಲರ ದನಿ ಒಟ್ಟಿಗೆ ಏರಿ ಚಾವಣಿ ಮುಟ್ಟಿದಾಗ ಎದೆಯಲ್ಲಿ ಆಗುತ್ತದಲ್ಲ, ಅಂಥದ್ದು.

ಕ್ಲಾಂಪಿನ ಉದ್ದ ದವಡೆ ತೆರೆದು ತಂತಿಯನ್ನು ಅದರೊಳಗೆ ಕೂರಿಸಿದ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ, ಅವಳು ಕಲಿಸಿದ ಕ್ರಮದಲ್ಲಿ, ಅವಸರವಿಲ್ಲದೆ ಬಿಗಿದ. ಹಿಂದಕ್ಕೆ ಸರಿದು ಚೈನು ಎಳೆದ. ಚೈನು ಬಿಗಿಯಾಯಿತು. ಗೋಪುರದ ತೋಳು ಹಳೆಯ ಮಂಚದಂತೆ ನರಳಿತು. ಇನ್ನೊಂದು ಎಳೆತ. ಕ್ಲಾಂಪಿನ ಹಿಂದಿನ ತಂತಿ ಮೆಲ್ಲಗೆ ಸಡಿಲಾಗಿ, ಭಾರ ಇಳಿಸಿದ ಹೆಗಲಿನಂತೆ ಜೋತುಬಿತ್ತು.

"ಬಂತು," ಎಂದ ಅವನು.

ಆ ತುಂಡನ್ನು ಕತ್ತರಿಸಿ ಹಗ್ಗದಲ್ಲಿ ಇಳಿಸಿ, ರೆತ್ನಾನಿಂಗ್ ಕಮರಿ ಸುತ್ತಿ ಬಂದ ಮೇಲೆ ದಿಬ್ಬದ ಮೇಲೆ ಬಿಡಿಸಿದರು. ಒಳಗೆ ತಿರುಳು ಪೂರ್ತಿ ಕಡಿದಿತ್ತು. ಹಿಡಿದುಕೊಂಡಿದ್ದ ಒಂದು ನಾರೂ ಇರಲಿಲ್ಲ. ಜಾಹುಲನ್ ತುಂಬ ಹೊತ್ತು ಅದನ್ನೇ ನೋಡಿ, ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. ಭುಜ ಕೊಡು ಎಂದಿದ್ದ ಮಾತು ಅವನಿಗೆ ನೆನಪಾಗಿರಬೇಕು. ರೆತ್ನಾನಿಂಗ್ ಮರೋಲೋಪನ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು.

ಕಮರಿಯಲ್ಲಿ ಜೋತಿದ್ದ ತಂತಿಯನ್ನು ಜೋಪಾನವಾಗಿ ವಾಪಸು ಸೆಳೆದುಕೊಂಡರು. ಹೊಸ ಡ್ರಮ್ಮು ತರಿಸಿ, ರಾಟೆಗಳಿಗೆ ತಂತಿ ಹಾರದಂತೆ ಅಡ್ಡಪಟ್ಟಿ ಹಾಕಿ, ಗಾಳಿ ಏಳುವ ಮೊದಲೇ ಬೆಳಗಿನ ತಂಪಿನಲ್ಲಿ ಮತ್ತೆ ದಾಟಿಸಿದರು. ಈ ಸಲ ಏನೂ ಆಗಲಿಲ್ಲ. ಕರೆಂಟು ಬಿಟ್ಟ ಮೇಲಿನ ಮೊದಲ ಸುಡುಬಿಸಿಲಿನ ಮಧ್ಯಾಹ್ನ ಊರಿನವರು ರಸ್ತೆಗೆ ಬಂದು ಕತ್ತೆತ್ತಿ ನೋಡಿದರು. ಹಳೆಯ ತಂತಿ ಇಷ್ಟು ಹೊತ್ತಿಗೆ ಮರಗಳತ್ತ ಇಳಿದಿರುತ್ತಿತ್ತು. ಇದು ಎಳೆದು ಕಟ್ಟಿದಲ್ಲೇ ಇತ್ತು, ಆಕಾಶಕ್ಕೆ ಗೆರೆ ಎಳೆದಂತೆ. ಮುದುಕರೊಬ್ಬರು ಟೋಪಿ ತೆಗೆದರು. ಹದ್ದು ಅದರ ಕೆಳಗೆ ನಿಶ್ಚಿಂತೆಯಿಂದ ತೇಲುತ್ತಿತ್ತು.

ಅವತ್ತು ಅಂಗಡಿಯಲ್ಲಿ ಗಿರಾಕಿಗಳು ಕರಗಿದ ಮೇಲೆ ರೊಸಿಂತನ್ ಅವನ ಎದುರು ಕೂತಳು. ಅಷ್ಟು ದಿನ ಅವಳು ಆ ವಿಷಯ ಎತ್ತಿರಲಿಲ್ಲ.

"ರುಗುನಳ ಅಪ್ಪ, ನಾನು ತಿರುವಿನಿಂದ ನೋಡ್ತಿದ್ದೆ. ಏಣಿ ಮೇಲೆ ತೆವಳ್ತಿದ್ದಾಗ ಏನು ಯೋಚನೆ ಬಂತು? ನಾನು, ಮಕ್ಕಳು?"

ಅವನು ಸುಳ್ಳು ಹೇಳಬಹುದಿತ್ತು. "ಇಲ್ಲ ಕಣೆ. ಯಾರೂ ಇಲ್ಲ. ಅದು ಒಳಗೇ ಮುರಿದಿತ್ತು, ಆದ್ರೂ ನಾನು ಹೋಗೋವರೆಗೂ ಹಿಡ್ಕೊಂಡೇ ಇತ್ತು. ಅದನ್ನ ನೋಡ್ತಿದ್ದೆ. ನೋಡ್ತಾನೇ ಇದ್ದೆ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಅವನತ್ತ ದೂಡಿದಳು.

"ಆರಿಹೋಗ್ತಿದೆ, ತಿನ್ನು," ಎಂದಳು. ಮೀನಿನ ದೊಡ್ಡ ತುಂಡನ್ನು ಅವನ ಕಡೆಗೆ ತಾನೇ ತಿರುಗಿಸಿಟ್ಟಳು.