ಹೊಡೆದಾಟದ ಸಿನಿಮಾದಿಂದ ನಾನು ಕಲಿತದ್ದು

ಎಂಟನೇ ಕ್ಲಾಸಿನಲ್ಲಿ ನಾನು ಓದಿದ್ದಕ್ಕಿಂತ ಹೊಡೆದಾಟದ ಸಿನಿಮಾ ನೋಡಿದ್ದೇ ಹೆಚ್ಚು. ಚನ್ನಪಟ್ಟಣಕ್ಕೆ ಹೊಸ ಚಿತ್ರ ಬಂದರೆ ನಾನೂ ನನ್ನ ಸೋದರಮಾವನ ಮಗನೂ ಮುಂದಿನ ಸಾಲಿನಲ್ಲಿ ಹಾಜರು. ತೆರೆಯ ಮೇಲೆ ಲಾಂಗು ಬೀಸಿದಷ್ಟೂ ನಮ್ಮ ಶಿಳ್ಳೆ. ಹೀರೋ ಹನ್ನೆರಡು ಜನರನ್ನು ಕೆಡವಿ, ರಕ್ತದ ಕೈಯಲ್ಲೇ ಸಿಗರೇಟು ಹಚ್ಚುತ್ತಿದ್ದ. ಹನ್ನೆರಡು ಜನ ಹಾಗಿರಲಿ, ಪಕ್ಕದ ಮನೆಯ ಹುಂಜ ಅಟ್ಟಿಸಿಕೊಂಡು ಬಂದರೆ ಓಡುವ ಗಂಡಸು ನಾನು. ಸಿಗರೇಟು ಹಚ್ಚುವುದೊಂದು ಸಲೀಸಾಗಿತ್ತು, ಅದನ್ನು ಕಲಿತೆ. ಅದರ ಬೆನ್ನಿಗೇ ಕ್ವಾರ್ಟರ್ ಬಾಟಲಿ ಬಂತು. ಅದೇ ಸಿನಿಮಾ ನೋಡಿದ ಮಾವನ ಮಗ ಇವತ್ತಿಗೂ ಕಾಫಿ ಸಹ ಮುಟ್ಟುವುದಿಲ್ಲ. ಹಾಗಾಗಿ ತಪ್ಪನ್ನೆಲ್ಲ ಹೀರೋನ ತಲೆಗೆ ಕಟ್ಟುವಂತೆಯೂ ಇಲ್ಲ.

ನಮ್ಮದು ಮರದ ಗೊಂಬೆ ಮಾಡುವ ಮನೆ. ಲೇತಿನಲ್ಲಿ ತಿರುಗುವ ಮರವನ್ನು ಉಳಿಯಿಂದ ಕಡೆದು, ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವುದು ನನ್ನ ಕೆಲಸ, ಜೋಡಿಸುವುದು ನಮ್ಮಪ್ಪನದು. ನಲವತ್ತಕ್ಕೆ ಬರುವಷ್ಟರಲ್ಲಿ ನನ್ನ ಕೈ ನಡುಗತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಲೇತ್ ಅಲುಗಾಡುತ್ತದೆ ಅಂದೆ. ನಮ್ಮಪ್ಪ ಅದರ ಕಾಲಿನಡಿ ಮರದ ಚಕ್ಕೆ ತುರುಕಿದ. ಬೆಳಿಗ್ಗೆಯೇ ಒಂದಿಷ್ಟು ಹಾಕಿಕೊಂಡರೆ ಕೈ ನಿಲ್ಲುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಉಳಿ, ಅರಗಿನ ಜೊತೆ ಬಾಟಲಿಯೂ ಒಂದು ಸಲಕರಣೆಯಾಯಿತು.

ಹೋದ ವರ್ಷ ನಮ್ಮ ಗೊಂಬೆ ಕೊಳ್ಳುವ ಹೈವೇ ಅಂಗಡಿಯವನು ನಮ್ಮ ಗಿಲಕಿಗಳನ್ನು ಸವರಿ ನೋಡಿ, "ನಿನ್ ಕೈಕೆಲ್ಸ ಬೆಣ್ಣೆ ಇದ್ದಂಗೈತೆ ಕಣಣ್ಣ" ಅಂದ. ನಾನು ಆ ದಿನವೆಲ್ಲ ಕಾಲರ್ ಏರಿಸಿಕೊಂಡೇ ಓಡಾಡಿದೆ.

ಮಾರನೆಯ ದಿನ ಬೇಗ ಎಚ್ಚರವಾಯಿತು. ಲೇತ್ ಓಡುವ ಸದ್ದು. ಎಪ್ಪತ್ತೆರಡರ ನಮ್ಮಪ್ಪ, ನಾನು ಹಿಂದಿನ ದಿನ ಕಡೆದಿಟ್ಟ ಗಿಲಕಿಯ ಹಿಡಿಗಳನ್ನು ಒಂದೊಂದಾಗಿ ಲೇತಿಗೆ ಸಿಕ್ಕಿಸಿ, ನನ್ನ ಉಳಿಯ ಗೀರುಗಳನ್ನು ತೆಗೆದು, ಹೊಸದಾಗಿ ಅರಗು ಹಿಡಿಸುತ್ತಿದ್ದ.

"ಎಷ್ಟು ದಿನದಿಂದ ಅಪ್ಪ?" ಅಂದೆ.

"ಎಲ್ಡು ವರ್ಸ ಆಯ್ತು ಕಣ್ಲಾ. ಕೂಸು ಬಾಯ್ಗೆ ಮಡೀಕಳೋ ಸಾಮಾನು. ಗೀರಿದ್ರೆ ತುಟಿ ಕುಯ್ತದೆ."

ನನಗೆ ನಾಚಿಕೆಯಾಯಿತು. ಬೈದಿದ್ದರೆ ಜಗಳ ತೆಗೆದು, ಅದೇ ನೆಪದಲ್ಲಿ ಕುಡಿಯಲು ಹೋಗುತ್ತಿದ್ದೆ. ಅಪ್ಪ ಬೈಯಲಿಲ್ಲ. ಹಿಡಿಯನ್ನು ಬೆಳಕಿಗೆ ತಿರುಗಿಸಿ ನೋಡುತ್ತ ಕೇಳಿದ:

"ನನ್ ಕೈನೂ ನಡುಗಕ್ ಶುರುವಾದ್ರೆ, ಆಮೇಕ್ ಯಾರ್ಲಾ ತಿದ್ತಾರೆ?"