ಗಡಿಗೆ ಬಂದು ನಿಂತ ಗಾಳಿ

ಸಂಭಾಜಿನಗರದ ಸಭೆಗೆ ಹೋಗುವಾಗ ಮನ್ಮಾಡಿನಲ್ಲಿ ರೈಲು ತಾಸುಗಟ್ಟಲೆ ನಿಲ್ಲಬಹುದಿತ್ತು. ಲ್ಯಾಪ್‌ಟಾಪ್ ಕೈಕೊಡಬಹುದಿತ್ತು, ಅದಕ್ಕೇ ಪೆನ್‌ಡ್ರೈವ್ ಎರಡು, ಅವೂ ಬೇರೆ ಬೇರೆ ಜೇಬಿನಲ್ಲಿ. ನಿಫಾಡಿನ ದ್ರಾಕ್ಷಿ ತೋಟಗಳಾಚೆ ನೆಟ್ಟಿದ್ದ ಗಾಳಿ ಅಳೆಯುವ ಕಂಬವೇ ಸುಳ್ಳು ಹೇಳಿರಬಹುದಿತ್ತು. ಸಭೆಯ ನಡುವೆ ನನ್ನ ಅರೆಬರೆ ಮರಾಠಿ ಪೂರ್ತಿ ಮರೆತುಹೋಗಬಹುದಿತ್ತು. ಒಂದು ವಾರ ಇದನ್ನೆಲ್ಲ ಯೋಚಿಸಿ ಸಣ್ಣಗಾದೆ. ಇದಾವುದೂ ಆಗಲಿಲ್ಲ.

ನಾನು ಧಾರವಾಡದವ, ವರ್ಗವಾಗಿ ನಾಶಿಕದ ಕಚೇರಿಯಲ್ಲಿದ್ದೆ. ಸಂಭಾಜಿನಗರದ ಕಚೇರಿಯಲ್ಲಿ ವಿಜಯಪುರದ ಕಡೆಯವನೊಬ್ಬ, ನನಗಿಂತ ಹತ್ತು ವರ್ಷ ಚಿಕ್ಕವ. ಇಬ್ಬರಿಗೂ ಒಂದೇ ಕೆಲಸ: ಅಲ್ಲಲ್ಲಿ ನೆಟ್ಟ ಕಂಬಗಳ ಅಳತೆಯ ಸರಾಸರಿ ತೆಗೆದು, ಕಂಬವಿಲ್ಲದ ಊರುಗಳ ಗಾಳಿಯನ್ನು ಅಂದಾಜಿಸಿ, ಜಿಲ್ಲೆಯ ನಕಾಶೆಗೆ ಬಣ್ಣ ತುಂಬುವುದು. ಗಾಳಿ ಕಡಿಮೆಯಿದ್ದಲ್ಲಿ ಹಳದಿ, ಹೆಚ್ಚಿದ್ದಲ್ಲಿ ಕೆಂಪು. ಯಾರ ನಕಾಶೆ ಚೆನ್ನಾಗಿರುತ್ತದೋ ಅವರಿಗೆ ಇಡೀ ವಿಭಾಗದ ಹೊಣೆ ಎಂದು ಸಾಹೇಬರು ಹೇಳಿದ್ದರು.

ಅವನು ನನಗಿಂತ ಮೊದಲೇ ಕಳಿಸಿದ. ಅವನ ಜಿಲ್ಲೆಯಲ್ಲಿ, ಗಡಿಯಿಂದ ಒಳಗಿನ ಗಂಗಾಪುರದ ಸುತ್ತ ಕೆಂಪೋ ಕೆಂಪು. ನನ್ನ ನಾಶಿಕ ಕಾಮಾಲೆ ಹಿಡಿದವರ ಮುಖದಂತಿತ್ತು. ಮೂರು ದಿನ ಅವನ ಅಂಕಿಗಳಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ, ಹೊಟ್ಟೆ ಇನ್ನಷ್ಟು ಉರಿಯಿತು. ಊಟಕ್ಕೆ ಕೂತಾಗಲೂ ಅದನ್ನೇ ಗೊಣಗುತ್ತಿದ್ದೆ.

“ಅಲ್ರೀ, ಅವರ ಜಿಲ್ಲಾಕ್ಕ ಗಾಳಿ ಜಾಸ್ತಿ ಇದ್ರ ನೀವ್ಯಾಕ ಉರ್ಕೋತೀರಿ?” ಎಂದಳು ಹೆಂಡತಿ, ರೊಟ್ಟಿ ಹಾಕುತ್ತ. “ನಮ್ಮ ಕಡೆ ಕಮ್ಮಿ ಬಿದ್ರ ನೀವು ಊದಬೇಕಾಗಿತ್ತೇನು?”

ಮರುದಿನ ಊದಿಯೇ ಬಿಟ್ಟೆ. ಅಂಕಿಗಳನ್ನು ಮುಟ್ಟಲಿಲ್ಲ, ಅಷ್ಟು ಪ್ರಾಮಾಣಿಕ ನಾನು. ಗಾಳಿಯ ಎಷ್ಟು ವೇಗಕ್ಕೆ ಕೆಂಪು ಶುರುವಾಗಬೇಕೆಂಬುದನ್ನು ಮಾತ್ರ ಒಂದು ಮೆಟ್ಟಿಲು ಇಳಿಸಿದೆ. ನಾಶಿಕಕ್ಕೆ ಒಮ್ಮೆಲೇ ರಕ್ತ ಬಂತು.

ರೈಲು ಹೊತ್ತಿಗೆ ಸರಿಯಾಗಿ ತಲುಪಿತು. ಆ ವಿಜಯಪುರದವನೇ ಸ್ಟೇಷನ್ನಿಗೆ ಬಂದು, ನನ್ನ ಚೀಲ ಹೊತ್ತು, ಚಹಾ ಕುಡಿಸಿ ಕರೆದೊಯ್ದ. ಅವನ ತಲೆಗೂದಲು ಒಂದೂ ಬೆಳ್ಳಗಾಗಿರಲಿಲ್ಲ ಎಂಬುದನ್ನೂ ಗಮನಿಸಿದೆ.

ಸಭೆಯಲ್ಲಿ ಸಾಹೇಬರು ಎರಡೂ ನಕಾಶೆಗಳನ್ನು ಜೋಡಿಸಿ ತೋರಿಸಲು ಹೇಳಿದರು. ವಾರವಿಡೀ ಹೆದರಿದವನಿಗೆ ಇದೊಂದು ಹೊಳೆದಿರಲಿಲ್ಲ. ನನ್ನ ಜಿಲ್ಲೆಯ ಅಂಚಿನ ಯೇವಲಾ ದಾಟಿದೊಡನೆ, ಜಿಲ್ಲೆಗಳು ಕೂಡುವಲ್ಲಿ, ಕತ್ತರಿಯಿಂದ ಕತ್ತರಿಸಿದಂತೆ ಈಚೆ ನನ್ನ ಕೆಂಪು, ಆಚೆ ಅವನ ಹಳದಿ. ಪಕ್ಕದಲ್ಲಿದ್ದ ಅವನು ನನ್ನ ಕಿವಿಯ ಹತ್ತಿರ ಬಾಗಿದ.

“ಸರ, ನಿಮ್ಮ ಗಾಳಿ ಜಿಲ್ಲಾ ಗಡಿಗೆ ಬಂದು ನಿಂತಬಿಟ್ಟೈತಲ್ರೀ.”

ಆ ಕೋಣೆಯಲ್ಲಿ ಬೇರೆ ಯಾರಿಗೂ ಬಾರದ ಕನ್ನಡದಲ್ಲಿ ಹೇಳಿದ್ದ. ಆಮೇಲೆ ಎದ್ದು ನಿಂತು, ಇಬ್ಬರೂ ಬಣ್ಣದ ಅಳತೆ ಮಾತಾಡಿಕೊಂಡಿರಲಿಲ್ಲ, ಸರಿಪಡಿಸುತ್ತೇವೆ ಎಂದು ಮರಾಠಿಯಲ್ಲಿ ತಪ್ಪನ್ನು ಹಂಚಿಕೊಂಡ. ಆ ಸಜ್ಜನಿಕೆ ಕಂಡೂ ಹೊಟ್ಟೆಕಿಚ್ಚಾಯಿತು. ವಿಭಾಗದ ಹೊಣೆ ಅವನಿಗೇ ಹೋಯಿತು.

ಬಣ್ಣ ಬದಲಿಸುವ ಮೊದಲಿನ ನಕಾಶೆಯಾದರೂ ಸಿಕ್ಕೀತೆಂದು ಸಭೆಯಲ್ಲೇ ಜೇಬು ತಡಕಿದ್ದೆ. ಎರಡೂ ಪೆನ್‌ಡ್ರೈವ್‌ಗಳಲ್ಲಿ ಇದ್ದದ್ದು ಅದೇ ಕೆಂಪು.